ದಂತವೈದ್ಯರು ಸಿಬಿಸಿಟಿ ಬರೆದುಕೊಟ್ಟಾಗ: ರೋಗಿಗಳಿಗೊಂದು ಮಾರ್ಗದರ್ಶಿ

ಇಂಪ್ಲಾಂಟ್ (ಹಲ್ಲು ಹೋದ ಜಾಗದ ಮೂಳೆಯಲ್ಲಿ ಕೂರಿಸುವ ಕೃತಕ ಬೇರು) ಹಾಕಿಸಲೆಂದೋ ಅಡ್ಡ ಬೆಳೆದ ಬುದ್ಧಿಹಲ್ಲು ತೆಗೆಸಲೆಂದೋ ದಂತವೈದ್ಯರ ಬಳಿ ಹೋದವರ ಕೈಗೆ ಈಗ ಅನೇಕ ವೇಳೆ ಒಂದು ಚೀಟಿ ಬರುತ್ತದೆ. ಅದರಲ್ಲಿ ಸಿಬಿಸಿಟಿ (ದವಡೆಯ ಒಂದು ಬಗೆಯ ತ್ರೀಡಿ ಸ್ಕ್ಯಾನ್) ಎಂದು ಬರೆದು, ಪಕ್ಕದಲ್ಲಿ ಒಂದು ಸ್ಕ್ಯಾನಿಂಗ್ ಕೇಂದ್ರದ ಹೆಸರು ಕೊಟ್ಟಿರುತ್ತಾರೆ. ಚೀಟಿ ಹಿಡಿದು ಕೇಂದ್ರಕ್ಕೆ ಹೋಗಿ, ಹಣ ಕಟ್ಟಿ, ಸಿ.ಡಿ. ತೆಗೆದುಕೊಂಡು ವೈದ್ಯರ ಕೈಗೆ ಒಪ್ಪಿಸುವುದಷ್ಟೇ ತಮ್ಮ ಪಾಲಿನ ಕೆಲಸವೆಂದು ಹೆಚ್ಚಿನವರು ತಿಳಿದಿರುತ್ತಾರೆ. ಇಂಥ ಸ್ಕ್ಯಾನ್‌ಗಳನ್ನು ಓದಿ ವರದಿ ಬರೆಯುವುದು ನನ್ನ ವೃತ್ತಿ. ರೋಗಿ ಮೊದಲೇ ಕೇಳಿದ ಎರಡು ಮಾತು, ಮನೆಯಿಂದ ತಂದ ಒಂದು ಹಳೆಯ ಎಕ್ಸ್‌ರೇ, ಬಿಚ್ಚಿಟ್ಟು ಬಂದ ಒಂದು ಮೂಗುತಿ ಇವುಗಳಿಂದ ಚಿತ್ರದ ಗುಣಮಟ್ಟ ಮತ್ತು ಚಿಕಿತ್ಸೆಯ ನಿರ್ಧಾರ ಎಷ್ಟು ಬದಲಾಗಬಲ್ಲವು ಎಂಬುದನ್ನು ಆ ಕೆಲಸದಲ್ಲಿ ಕಾಣುತ್ತಿರುತ್ತೇನೆ. ಈ ಲೇಖನದಲ್ಲಿ ಹೇಳುವ ಎಲ್ಲ ಹೆಜ್ಜೆಗಳೂ ಒಂದೇ ನಂಬಿಕೆಯ ಮೇಲೆ ನಿಂತಿವೆ: ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆ ಎಂಬುದು ಯಂತ್ರದ ಮುಂದೆ ನಿಲ್ಲುವ ಮೊದಲೇ ವೈದ್ಯರಿಗೂ ರೋಗಿಗೂ ಗೊತ್ತಿರಬೇಕು.

ಮೊದಲ ಹೆಜ್ಜೆ: ಯಾವ ಸ್ಕ್ಯಾನ್ ಎಂದು ತಿಳಿದುಕೊಳ್ಳಿ

ದಂತ ಚಿಕಿತ್ಸೆಯಲ್ಲಿ ತ್ರೀಡಿ ಸ್ಕ್ಯಾನ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆಬೇರೆ ತಂತ್ರಜ್ಞಾನಗಳು ಓಡಾಡುತ್ತವೆ. ಒಂದು, ಎಕ್ಸ್‌ರೇ ಬಳಸಿ ಮೂಳೆ ಮತ್ತು ಬೇರುಗಳ ಒಳಗನ್ನು ತೋರಿಸುವ ಕೋನ್ ಬೀಮ್ ಸಿ.ಟಿ., ಅಂದರೆ ಸಿಬಿಸಿಟಿ. ಇನ್ನೊಂದು, ಪೆನ್ನಿನಂಥ ಕ್ಯಾಮೆರಾವನ್ನು ಬಾಯೊಳಗೆ ಆಡಿಸಿ ಹಲ್ಲು ಮತ್ತು ವಸಡಿನ ಮೇಲ್ಮೈಯನ್ನು ಬೆಳಕಿನಿಂದ ಸೆರೆಹಿಡಿಯುವ ಇಂಟ್ರಾಓರಲ್ ಸ್ಕ್ಯಾನ್. ಎರಡನೆಯದರಲ್ಲಿ ವಿಕಿರಣವೇ ಇಲ್ಲ. ಆದ್ದರಿಂದ ಅದರ ಬಗ್ಗೆ ಭಯಪಡಬೇಕಾದ್ದೂ ಇಲ್ಲ, ಅದರಿಂದ ಮೂಳೆಯ ಒಳಗಿನದು ಗೊತ್ತಾಗುವುದೂ ಇಲ್ಲ. ನಿಮಗೆ ಬರೆದುಕೊಟ್ಟದ್ದು ಯಾವುದು ಎಂದು ಮೊದಲು ಖಚಿತಪಡಿಸಿಕೊಳ್ಳಿ, ಏಕೆಂದರೆ ಮುಂದಿನ ಎಚ್ಚರಿಕೆಗಳಲ್ಲಿ ಬಹುಪಾಲು ಸಿಬಿಸಿಟಿಗೆ ಸಂಬಂಧಪಟ್ಟವು.

ಸಿಬಿಸಿಟಿ ಕೆಲಸ ಮಾಡುವ ಬಗೆ ಸರಳವಾಗಿದೆ. ತಲೆಯ ಒಂದು ಬದಿಯಲ್ಲಿ ಎಕ್ಸ್‌ರೇ ಕೊಳವೆ, ಎದುರು ಬದಿಯಲ್ಲಿ ಚಪ್ಪಟೆಯಾದ ಸಂವೇದಕ ಫಲಕ ಇರುತ್ತವೆ. ಕೊಳವೆಯಿಂದ ಶಂಕುವಿನ ಆಕಾರದಲ್ಲಿ ಹೊರಬರುವ ಕಿರಣಗಳು ದವಡೆಯನ್ನು ಹಾಯ್ದು ಫಲಕದ ಮೇಲೆ ಬೀಳುತ್ತವೆ. ಎರಡೂ ಸೇರಿ ತಲೆಯ ಸುತ್ತ ಒಂದೇ ಒಂದು ಸುತ್ತು, ಕೆಲವು ಯಂತ್ರಗಳಲ್ಲಿ ಅರ್ಧ ಸುತ್ತು, ತಿರುಗುವಷ್ಟರಲ್ಲಿ ನೂರಾರು ಚಿತ್ರಗಳು ದಾಖಲಾಗುತ್ತವೆ. ಕಂಪ್ಯೂಟರ್ ಅವುಗಳಿಂದ ದವಡೆಯನ್ನು ವಾಕ್ಸೆಲ್ ಎಂಬ ಪುಟ್ಟ ಘನಗಳಾಗಿ ಮತ್ತೆ ಕಟ್ಟಿಕೊಡುತ್ತದೆ. ಇಂಪ್ಲಾಂಟ್ ಯೋಜನೆಗೆ ಸಾಮಾನ್ಯವಾಗಿ 0.2 ಮಿಲಿಮೀಟರ್ ಆಸುಪಾಸಿನ ವಾಕ್ಸೆಲ್ ಸಾಕು. ರೂಟ್ ಕೆನಾಲ್‌ನ ಸೂಕ್ಷ್ಮ ನಾಳಗಳನ್ನು ಹುಡುಕುವಾಗ 0.1 ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕದನ್ನು ಬಳಸುತ್ತಾರೆ. ದಂತ ವೈದ್ಯಕೀಯಕ್ಕೆಂದೇ ರೂಪುಗೊಂಡ ಇಂಥ ಯಂತ್ರದ ವಿವರ ಮೊದಲು ಪ್ರಕಟವಾದದ್ದು 1998ರಲ್ಲಿ. ಇಟಲಿಯ ವೆರೋನಾದಲ್ಲಿ ತಯಾರಾದ ಆ ಯಂತ್ರದ ಹೆಸರು ನ್ಯೂಟಾಮ್. ಮರುವರ್ಷವೇ ಜಪಾನಿನ ಸಂಶೋಧಕರು ಕೆಲವೇ ಹಲ್ಲುಗಳಷ್ಟು ಚಿಕ್ಕ ಜಾಗವನ್ನು ಮಾತ್ರ ಚಿತ್ರಿಸುವ ಯಂತ್ರದ ವಿವರಗಳನ್ನು ಪ್ರಕಟಿಸಿದರು. ಈ ಎರಡನೆಯ ವಿಚಾರ, ಅಂದರೆ ಬೇಕಾದಷ್ಟೇ ಜಾಗವನ್ನು ಚಿತ್ರಿಸುವುದು, ರೋಗಿಯ ದೃಷ್ಟಿಯಿಂದ ಮೊದಲನೆಯದಕ್ಕಿಂತ ದೊಡ್ಡ ಹೆಜ್ಜೆ ಎಂದು ನಾನು ಭಾವಿಸುತ್ತೇನೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಎರಡನೆಯ ಹೆಜ್ಜೆ: ಪ್ರಶ್ನೆ ಏನೆಂದು ವೈದ್ಯರನ್ನೇ ಕೇಳಿ

"ಡಾಕ್ಟ್ರೇ, ಈ ಸ್ಕ್ಯಾನ್‌ನಲ್ಲಿ ನೀವು ಏನನ್ನು ನೋಡಬೇಕೆಂದಿದ್ದೀರಿ? ಅದು ಕಂಡರೆ ಅಥವಾ ಕಾಣದಿದ್ದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?" ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ. ಒಳ್ಳೆಯ ವೈದ್ಯರು ಈ ಮಾತಿಗೆ ಬೇಸರಿಸುವುದಿಲ್ಲ; ಒಂದೆರಡು ವಾಕ್ಯಗಳಲ್ಲಿ ಉತ್ತರ ಹೇಳುತ್ತಾರೆ. ಉತ್ತರ ಸ್ಪಷ್ಟವಾಗಿದ್ದರೆ ಅದನ್ನೇ ಚೀಟಿಯ ಮೇಲೆ ಬರೆಸಿಕೊಳ್ಳಿ. "ಕೆಳದವಡೆ, ಎಡಗಡೆ, ಬುದ್ಧಿಹಲ್ಲಿನ ಬೇರಿಗೂ ನರನಾಳಕ್ಕೂ ಇರುವ ಸಂಬಂಧ" ಎಂದು ಬರೆದಿರುವ ಚೀಟಿ ಬಂದರೆ ಸ್ಕ್ಯಾನ್ ಮಾಡುವವರು ಎಷ್ಟು ಜಾಗ ಸಾಕೆಂದು ನಿರ್ಧರಿಸಬಲ್ಲರು, ವರದಿ ಬರೆಯುವವರು ಎಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆಂದು ಅರಿಯಬಲ್ಲರು. ಬರಿದೇ ಸಿಬಿಸಿಟಿ ಎಂದಿದ್ದರೆ ಎರಡೂ ಊಹೆಯ ಮೇಲೆ ನಡೆಯಬೇಕಾಗುತ್ತದೆ.

ಬುದ್ಧಿಹಲ್ಲಿನ ಉದಾಹರಣೆಯನ್ನೇ ಸ್ವಲ್ಪ ವಿವರವಾಗಿ ನೋಡೋಣ. ಕೆಳದವಡೆಯ ಮೂಳೆಯೊಳಗೆ ಒಂದು ನಾಳವಿದೆ. ಕೆಳದುಟಿ ಮತ್ತು ಗದ್ದಕ್ಕೆ ಸ್ಪರ್ಶಜ್ಞಾನ ಕೊಡುವ ನರ ಅದರೊಳಗೆ ಸಾಗುತ್ತದೆ. ಎಲ್ಲ ಹಲ್ಲುಗಳನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಒಪಿಜಿ ಎಕ್ಸ್‌ರೇಯಲ್ಲಿ ಬುದ್ಧಿಹಲ್ಲಿನ ಬೇರು ಈ ನಾಳದ ಮೇಲೆಯೇ ಕುಳಿತಂತೆ ಕಾಣಬಹುದು. ಆದರೆ ಒಬ್ಬರ ಹಿಂದೆ ಒಬ್ಬರು ನಿಂತವರ ನೆರಳು ಗೋಡೆಯ ಮೇಲೆ ಒಂದಾಗಿ ಬೀಳುವ ಹಾಗೆ, ಒಪಿಜಿಯಲ್ಲಿ ಬೇರು ನಾಳದ ಮುಂದಿದೆಯೋ, ಹಿಂದಿದೆಯೋ, ಅದನ್ನು ಮುಟ್ಟಿದೆಯೋ ಎಂಬುದು ತಿಳಿಯುವುದಿಲ್ಲ. ನಾಳದ ಬಿಳಿ ಅಂಚು ಬೇರಿನ ಬಳಿ ಕಡಿದುಹೋದಂತಿದ್ದರೆ, ಬೇರಿನ ಮೇಲೆ ಕಪ್ಪು ಪಟ್ಟಿ ಬಿದ್ದಿದ್ದರೆ, ಅಥವಾ ನಾಳ ಅಲ್ಲಿ ಸೊಟ್ಟಗೆ ತಿರುಗಿದ್ದರೆ ಅನುಮಾನಕ್ಕೆ ಕಾರಣವಿದೆ. ಆಗ ಸಿಬಿಸಿಟಿ ಸಾರ್ಥಕ. ನರ ಕೆನ್ನೆಯ ಕಡೆ ಹಾಯ್ದಿದೆಯೋ ನಾಲಿಗೆಯ ಕಡೆ ಹಾಯ್ದಿದೆಯೋ ಎಂಬುದನ್ನು ನೋಡಿ ಶಸ್ತ್ರವೈದ್ಯರು ಹಲ್ಲನ್ನು ಯಾವ ದಿಕ್ಕಿನಲ್ಲಿ ತುಂಡರಿಸಿ ತೆಗೆಯಬೇಕೆಂದು ತೀರ್ಮಾನಿಸುತ್ತಾರೆ, ಕೆಲವೊಮ್ಮೆ ಬೇರನ್ನು ಅಲ್ಲಿಯೇ ಬಿಟ್ಟು ಹಲ್ಲಿನ ಮೇಲ್ಭಾಗವನ್ನಷ್ಟೇ ತೆಗೆಯುವುದು ಕ್ಷೇಮವೆಂದು ನಿರ್ಧರಿಸುತ್ತಾರೆ. ಒಪಿಜಿಯಲ್ಲಿ ಬೇರು ನಾಳದಿಂದ ಸಾಕಷ್ಟು ದೂರವಿದ್ದರೆ ಸಿಬಿಸಿಟಿ ಹೊಸದೇನನ್ನೂ ಹೇಳುವುದಿಲ್ಲ.

ಇದೇ ರೀತಿ ಉತ್ತರವುಳ್ಳ ಪ್ರಶ್ನೆಗಳು ಇನ್ನೂ ಹಲವಿವೆ. ಇಂಪ್ಲಾಂಟ್ ಇಡಬೇಕಾದ ಜಾಗದಲ್ಲಿ ಮೂಳೆ ಎಷ್ಟು ಅಗಲ, ಎಷ್ಟು ಎತ್ತರವಿದೆ, ಮೇಲ್ದವಡೆಯಾದರೆ ಸೈನಸ್ (ಮೇಲ್ದವಡೆಯ ಮೇಲಿರುವ ಗಾಳಿ ತುಂಬಿದ ಟೊಳ್ಳು) ಎಷ್ಟು ಕೆಳಗಿಳಿದಿದೆ ಎಂಬುದು ಅಂಥದೊಂದು. ಮೂಳೆಯೊಳಗೆ ಸಿಕ್ಕಿಕೊಂಡ ಕೋರೆಹಲ್ಲು ಅಂಗುಳದ ಕಡೆಗಿದೆಯೋ ತುಟಿಯ ಕಡೆಗಿದೆಯೋ, ಅದು ಪಕ್ಕದ ಬಾಚಿಹಲ್ಲಿನ ಬೇರನ್ನು ಸವೆಸುತ್ತಿದೆಯೋ ಎಂಬುದು ಮತ್ತೊಂದು. ರೂಟ್ ಕೆನಾಲ್ ಆದ ಮೇಲೂ ನೋವು ನಿಲ್ಲದ ಮೇಲ್ದವಡೆಯ ಮೊದಲ ದವಡೆಹಲ್ಲಿನಲ್ಲಿ, ಕೆನ್ನೆಯ ಕಡೆಯ ಮುಂಬೇರಿನೊಳಗೆ ಕೈತಪ್ಪಿಹೋದ ಎರಡನೆಯ ನಾಳವೊಂದು ಅನೇಕ ಸಲ ಸಿಕ್ಕುತ್ತದೆ. ದವಡೆಯ ಗಂಟು ಮತ್ತು ನೀರುಗುಳ್ಳೆಗಳ ವ್ಯಾಪ್ತಿ ತಿಳಿಯಲೂ ಇದು ನೆರವಾಗುತ್ತದೆ.

ಇನ್ನು, ಸಿಬಿಸಿಟಿ ಬರೆದುಕೊಟ್ಟರೆ ಎರಡನೆಯ ಸಲ ಕೇಳಿ ತಿಳಿಯಬೇಕಾದ ಸಂದರ್ಭಗಳೂ ಇವೆ. ಹಲ್ಲಿನ ಹುಳುಕು ಹುಡುಕಲು ಇದು ಸರಿಯಾದ ಸಾಧನವಲ್ಲ. ಬೆಳ್ಳಿ ಬಣ್ಣದ ಫಿಲ್ಲಿಂಗ್ ಅಥವಾ ಲೋಹದ ಕ್ಯಾಪ್ ಇದ್ದರೆ ಅದರ ಸುತ್ತ ಕಪ್ಪು ಗೆರೆಗಳು ಮೂಡಿ, ಇಲ್ಲದ ಹುಳುಕು ಇದ್ದಂತೆ ಕಾಣುತ್ತದೆ. ಅದಕ್ಕೆ ಬಾಯೊಳಗೆ ಇಡುವ ಚಿಕ್ಕ ಎಕ್ಸ್‌ರೇಯೇ ಉತ್ತಮ. ರೂಟ್ ಕೆನಾಲ್ ಆದ ಹಲ್ಲಿನ ಬೇರು ಉದ್ದಕ್ಕೆ ಸೀಳಿದೆಯೇ ಎಂಬ ಪ್ರಶ್ನೆಗೂ, ಒಳಗೆ ತುಂಬಿದ ವಸ್ತು ಮತ್ತು ಲೋಹದ ಪೋಸ್ಟ್ (ಬೇರಿನೊಳಗೆ ಕೂರಿಸುವ ಕಡ್ಡಿ) ಎಬ್ಬಿಸುವ ಗೆರೆಗಳ ನಡುವೆ, ನಂಬಬಹುದಾದ ಉತ್ತರ ಸಿಗುವುದು ಕಷ್ಟ. ವಸಡು, ನಾಲಿಗೆ, ಕೆನ್ನೆಯಂಥ ಮೃದು ಭಾಗಗಳು ಇದರಲ್ಲಿ ಒಂದೇ ಬೂದು ಬಣ್ಣದಲ್ಲಿ ಕಲಸಿಹೋಗುತ್ತವೆ. ಕಿವಿಯ ಮುಂದಿನ ದವಡೆಕೀಲು ಕಟಕಟ ಎನ್ನುತ್ತಿದ್ದರೆ ಅಲ್ಲಿನ ಮೃದುವಾದ ಡಿಸ್ಕನ್ನು ನೋಡಲು ಎಂ.ಆರ್.ಐ. ಬೇಕು, ಸಿಬಿಸಿಟಿ ಮೂಳೆಯನ್ನಷ್ಟೇ ತೋರಿಸುತ್ತದೆ. ವಾರ್ಷಿಕ ತಪಾಸಣೆಗೆಂದು, ಅಥವಾ ಹಲ್ಲಿಗೆ ಕ್ಲಿಪ್ ಹಾಕಿಸುವ ಪ್ರತಿಯೊಂದು ಮಗುವಿಗೂ ಎಂದು, ಪರೀಕ್ಷೆ ಮಾಡದೆಯೇ ಸ್ಕ್ಯಾನ್ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಯುರೋಪಿಯನ್ ಕಮಿಷನ್ 2012ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ವಾಡಿಕೆಯ ಸ್ಕ್ಯಾನ್‌ಗಳನ್ನು ಒಪ್ಪುವುದಿಲ್ಲ. ರೋಗಿಯ ಇತಿಹಾಸ ಕೇಳಿ, ಬಾಯಿ ಪರೀಕ್ಷಿಸಿದ ಮೇಲಷ್ಟೇ ಇದನ್ನು ಬರೆಯಬೇಕು ಎನ್ನುತ್ತದೆ.

ಮೂರನೆಯ ಹೆಜ್ಜೆ: ಎಷ್ಟು ಜಾಗ, ಎಷ್ಟು ವಿಕಿರಣ

1896ರ ಜನವರಿಯಲ್ಲಿ, ಎಕ್ಸ್‌ರೇ ಕಂಡುಹಿಡಿದ ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ, ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ದಂತವೈದ್ಯ ಒಟ್ಟೋ ವಾಲ್ಕ್‌ಹಾಫ್ ತನ್ನದೇ ಬಾಯಿಯ ಚಿತ್ರ ತೆಗೆಯಲು 25 ನಿಮಿಷ ಕಿರಣಗಳಿಗೆ ಮುಖವೊಡ್ಡಿದ್ದ. ಇಂದಿನ ಚಿಕ್ಕ ಎಕ್ಸ್‌ರೇಗೆ ಒಂದು ಸೆಕೆಂಡಿನ ಸಣ್ಣ ಭಾಗ ಸಾಕು. ಆದರೂ ಸಿಬಿಸಿಟಿಯ ವಿಕಿರಣ ಚಿಕ್ಕ ಎಕ್ಸ್‌ರೇಗಿಂತ ಹೆಚ್ಚು ಎಂಬುದನ್ನು ಮರೆಮಾಚಬಾರದು. ಮೇಲೆ ಹೇಳಿದ ಯುರೋಪಿಯನ್ ಮಾರ್ಗಸೂಚಿಯ ಲೆಕ್ಕದಲ್ಲಿ ಬಾಯೊಳಗಿನ ಒಂದು ಎಕ್ಸ್‌ರೇಯ ಡೋಸ್ (ದೇಹಕ್ಕೆ ತಗಲುವ ವಿಕಿರಣದ ಅಳತೆ; ಅದರ ಏಕಮಾನ ಮೈಕ್ರೋಸೀವರ್ಟ್) 1.5 ಮೈಕ್ರೋಸೀವರ್ಟ್‌ಗಿಂತ ಕಡಿಮೆ, ಒಪಿಜಿಯದು ಸುಮಾರು 3ರಿಂದ 24, ಹಲ್ಲು ಮತ್ತು ದವಡೆಯ ಭಾಗವನ್ನಷ್ಟೇ ನೋಡುವ ಸಿಬಿಸಿಟಿಯದು 11ರಿಂದ 674, ಇಡೀ ಮುಖವನ್ನು ಒಳಗೊಳ್ಳುವ ಸಿಬಿಸಿಟಿಯದು 30ರಿಂದ 1073. ನೆಲ, ಗಾಳಿ, ಆಹಾರ, ಆಕಾಶಗಳಿಂದ ಮನುಷ್ಯನಿಗೆ ಸಹಜವಾಗಿಯೇ ವರ್ಷಕ್ಕೆ ಜಾಗತಿಕ ಸರಾಸರಿಯಲ್ಲಿ 2400 ಮೈಕ್ರೋಸೀವರ್ಟ್ ತಗಲುತ್ತದೆ. ಆದ್ದರಿಂದ 60 ಮೈಕ್ರೋಸೀವರ್ಟ್‌ನ ಸ್ಕ್ಯಾನ್ ಎಂದರೆ ಸುಮಾರು ಒಂಬತ್ತು ದಿನಗಳ ಸಹಜ ವಿಕಿರಣ. 600ರ ಸ್ಕ್ಯಾನ್ ಎಂದರೆ ಮೂರು ತಿಂಗಳದು.

ಈ ಅಂಕಿಗಳಲ್ಲಿ ಗಮನಿಸಬೇಕಾದದ್ದು ಕನಿಷ್ಠಕ್ಕೂ ಗರಿಷ್ಠಕ್ಕೂ ಇರುವ ಅಂತರ. ಸಿಬಿಸಿಟಿ ಎಂಬ ಒಂದೇ ಹೆಸರಿನಡಿ ಅಷ್ಟೊಂದು ವ್ಯತ್ಯಾಸ ಬರುವುದಕ್ಕೆ ಯಂತ್ರದ ಮಾದರಿಯ ಜೊತೆಗೆ ಚಿತ್ರಿಸುವ ಜಾಗದ ಗಾತ್ರ ಮತ್ತು ಆಯ್ದುಕೊಳ್ಳುವ ಸ್ಪಷ್ಟತೆ ಕಾರಣ. ಆ ಗಾತ್ರವನ್ನು ಕೇಂದ್ರಗಳಲ್ಲಿ ಫೀಲ್ಡ್ ಆಫ್ ವ್ಯೂ ಅಥವಾ ಎಫ್‌ಒವಿ ಎನ್ನುತ್ತಾರೆ. ಒಂದೆರಡು ಹಲ್ಲಿನ ಪ್ರಶ್ನೆಗೆ 5 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರದ ಚಿತ್ರ ಸಾಕು. ಎರಡೂ ದವಡೆಗಳಿಗೆ 8 ಅಥವಾ 10 ಸೆಂಟಿಮೀಟರ್ ಬೇಕಾಗಬಹುದು. ಅಪಾಯಿಂಟ್‌ಮೆಂಟ್ ಪಡೆಯಲು ಫೋನ್ ಮಾಡಿದಾಗಲೇ "ನನ್ನ ಚೀಟಿಯಲ್ಲಿ ಒಂದೇ ಹಲ್ಲಿನ ಜಾಗ ಬರೆದಿದ್ದಾರೆ, ಅಷ್ಟನ್ನೇ ತೆಗೆಯುವ ಸೌಲಭ್ಯ ನಿಮ್ಮಲ್ಲಿದೆಯೇ?" ಎಂದು ಕೇಳಿ. ದರವೂ ಸಾಮಾನ್ಯವಾಗಿ ಗಾತ್ರದ ಮೇಲೆ ನಿಂತಿರುವುದರಿಂದ ಅದನ್ನೂ ಆಗಲೇ ಕೇಳಿಬಿಡಬಹುದು. "ಹೇಗೂ ಬಂದಿದ್ದೀರಿ, ಪೂರ್ತಿ ತೆಗೆದುಬಿಡೋಣ" ಎಂಬ ಮಾತಿಗೆ ವೈದ್ಯರನ್ನು ಕೇಳದೆ ಒಪ್ಪಬೇಡಿ.

ನಮ್ಮ ದೇಶದಲ್ಲಿ ಎಕ್ಸ್‌ರೇ ಯಂತ್ರಗಳ ಸುರಕ್ಷತೆಯನ್ನು ನೋಡಿಕೊಳ್ಳುವುದು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ. ಕೇಂದ್ರದ ಯಂತ್ರಕ್ಕೆ ಈ ಮಂಡಳಿಯ ಅನುಮತಿ ಇದೆಯೇ ಎಂದು ಕೇಳುವುದು ರೋಗಿಯ ಹಕ್ಕು. ಬಾಗಿಲ ಬಳಿ ವಿಕಿರಣದ ಎಚ್ಚರಿಕೆಯ ಚಿಹ್ನೆ ಇರಬೇಕು, ಚಿತ್ರ ತೆಗೆಯುವಾಗ ಬಾಗಿಲು ಮುಚ್ಚಿರಬೇಕು, ಕೋಣೆಯೊಳಗೆ ರೋಗಿಯ ಹೊರತು ಬೇರೆಯವರು ಇರಬಾರದು.

ಸೀಸದ ಏಪ್ರನ್ ಹಾಕಲಿಲ್ಲವೆಂದು ಜಗಳವಾಡುವವರಿದ್ದಾರೆ. ಈ ವಿಷಯದಲ್ಲಿ ತಜ್ಞರ ಅಭಿಪ್ರಾಯ ಈಚೆಗೆ ಬದಲಾಗಿದೆ. ಕಿರಣಗಳು ಬೇಕಾದ ಜಾಗಕ್ಕೇ ಸೀಮಿತವಾಗುವ ಆಧುನಿಕ ಯಂತ್ರಗಳಲ್ಲಿ ಏಪ್ರನ್ ಮತ್ತು ಕುತ್ತಿಗೆಯ ಕಾಲರ್‌ಗಳಿಂದ ಹೆಚ್ಚಿನ ಪ್ರಯೋಜನವಿಲ್ಲ, ಕೆಲವೊಮ್ಮೆ ಅವೇ ಚಿತ್ರಕ್ಕೆ ಅಡ್ಡಬಂದು ಮತ್ತೊಮ್ಮೆ ತೆಗೆಯಬೇಕಾಗುತ್ತದೆ ಎಂಬ ಕಾರಣಕ್ಕೆ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2024ರಲ್ಲಿ ಅವುಗಳ ಬಳಕೆಯನ್ನು ಕೈಬಿಡಬಹುದೆಂದು ಸಲಹೆ ನೀಡಿತು. ನಮ್ಮಲ್ಲಿ ಇನ್ನೂ ಹಾಕುವ ಕೇಂದ್ರಗಳಿವೆ, ಹಾಕಿದರೆ ತೊಂದರೆಯಿಲ್ಲ. ಆದರೆ ಏಪ್ರನ್ ಹಾಕಿಸಿಕೊಂಡು ಬೇಡದ ದೊಡ್ಡ ಸ್ಕ್ಯಾನ್ ಮಾಡಿಸಿಕೊಳ್ಳುವುದಕ್ಕಿಂತ ಏಪ್ರನ್ ಇಲ್ಲದ ಚಿಕ್ಕ ಸ್ಕ್ಯಾನ್ ಎಷ್ಟೋ ಮೇಲು.

ಮಕ್ಕಳ ವಿಷಯದಲ್ಲಿ ಮಾತ್ರ ಇನ್ನಷ್ಟು ಬಿಗಿಯಾಗಿರಬೇಕು. ಬೆಳೆಯುವ ದೇಹದ ಮೇಲೆ ವಿಕಿರಣದ ಪರಿಣಾಮ ಹೆಚ್ಚು, ಮುಂದೆ ಬಾಳಬೇಕಾದ ವರ್ಷಗಳೂ ಹೆಚ್ಚು. ಯಂತ್ರದಲ್ಲಿ ಮಕ್ಕಳಿಗೆಂದು ಕಡಿಮೆ ಡೋಸಿನ ಆಯ್ಕೆಯಿದ್ದರೆ ಅದನ್ನೇ ಬಳಸುವಂತೆ ಕೇಳಿ. ಗರ್ಭಿಣಿಯರಲ್ಲಿ ದವಡೆಯ ಸ್ಕ್ಯಾನ್‌ನಿಂದ ಗರ್ಭಕ್ಕೆ ತಲುಪುವ ವಿಕಿರಣ ಅತ್ಯಲ್ಪ. ಆದರೂ ಗರ್ಭಿಣಿಯಾಗಿದ್ದರೆ ಅಥವಾ ಆ ಸಂಭವವಿದ್ದರೆ ಮೊದಲೇ ಹೇಳಿ, ಇಂಪ್ಲಾಂಟ್‌ನಂಥ ತುರ್ತಿಲ್ಲದ ಕೆಲಸವನ್ನು ಹೆರಿಗೆಯ ನಂತರಕ್ಕೆ ಮುಂದೂಡಿ.

ನಾಲ್ಕನೆಯ ಹೆಜ್ಜೆ: ಮನೆಯಿಂದ ಹೊರಡುವ ಮುನ್ನ

ಹಳೆಯ ಎಕ್ಸ್‌ರೇ, ಒಪಿಜಿ, ಸ್ಕ್ಯಾನ್ ಏನಿದ್ದರೂ ಜೊತೆಗೆ ತೆಗೆದುಕೊಂಡು ಹೋಗಿ. ಎರಡು ವರ್ಷದ ಹಿಂದಿನ ಚಿತ್ರದಲ್ಲಿ ಇದ್ದ ಗುಳ್ಳೆ ಈಗ ದೊಡ್ಡದಾಗಿದೆಯೋ ಹಾಗೆಯೇ ಇದೆಯೋ ಎಂಬುದು ಹೊಸ ಚಿತ್ರವೊಂದರಿಂದಲೇ ತಿಳಿಯದು. ಊಟ ಬಿಟ್ಟು ಹೋಗಬೇಕಾಗಿಲ್ಲ; ದವಡೆಯ ಸಿಬಿಸಿಟಿಗೆ ಸಾಮಾನ್ಯವಾಗಿ ಇಂಜೆಕ್ಷನ್ ಇರುವುದಿಲ್ಲ.

ಲೋಹದ ವಿಷಯಕ್ಕೆ ಬರೋಣ. ಓಲೆ, ಹೇರ್‌ಪಿನ್, ಕನ್ನಡಕ, ಕಿವಿಯ ಶ್ರವಣ ಸಾಧನ, ತೆಗೆದು ಹಾಕುವ ಹಲ್ಲಿನ ಸೆಟ್ ಇವೆಲ್ಲ ಕಿರಣದ ದಾರಿಯಲ್ಲಿ ಬಂದರೆ ಚಿತ್ರದ ಮೇಲೆ ಬಿಳಿ ಮತ್ತು ಕಪ್ಪು ಗೆರೆಗಳನ್ನು ಎಳೆಯುತ್ತವೆ. ನಮ್ಮ ಕಡೆಯ ಹೆಂಗಸರಿಗೆ ದೊಡ್ಡ ತೊಡಕೆಂದರೆ ಮೂಗುತಿ. ಮೇಲ್ದವಡೆಯ ಮುಂದಿನ ಹಲ್ಲುಗಳ ಬೇರಿನ ತುದಿಗೂ ಮೂಗಿನ ಹೊಳ್ಳೆಗೂ ಹೆಚ್ಚು ದೂರವಿಲ್ಲದ ಕಾರಣ, ಚಿಕ್ಕ ಹರಳಿನ ಮೂಗುತಿಯೂ ಅಲ್ಲಿನ ವಿವರವನ್ನು ಕೆಡಿಸುತ್ತದೆ. ತಿರುಪು ಹಾಕಿ ಹತ್ತಾರು ವರ್ಷ ಬಿಚ್ಚದೆ ಬಿಟ್ಟ ಮೂಗುತಿ ಸ್ಕ್ಯಾನಿಂಗ್ ಕೋಣೆಯಲ್ಲಿ ಬಿಚ್ಚೆಂದರೆ ಬಿಚ್ಚುವುದಿಲ್ಲ. ಎಳೆದಾಡಿ ಮೂಗು ಕೆಂಪಾಗಿ, ಕಡೆಗೆ ಹಾಗೆಯೇ ಚಿತ್ರ ತೆಗೆಸಿಕೊಂಡು ಹೋಗುವವರನ್ನು ಕಂಡಿದ್ದೇನೆ. ಹಿಂದಿನ ದಿನವೇ ಪರಿಚಯದ ಅಕ್ಕಸಾಲಿಗರ ಬಳಿ ಹೋಗಿ ಸಡಿಲಿಸಿಕೊಂಡು ಬಂದರೆ ಈ ಕಷ್ಟವಿರುವುದಿಲ್ಲ. ಮಾಂಗಲ್ಯದ ಸರವನ್ನು ತೆಗೆಯಲು ಮನಸ್ಸಿಲ್ಲದವರು ಅದನ್ನು ಮೊದಲೇ ತಿಳಿಸಿ. ಮೇಲ್ದವಡೆಯ ಚಿಕ್ಕ ಸ್ಕ್ಯಾನ್‌ಗೆ ಕುತ್ತಿಗೆಯ ಸರ ಅಡ್ಡಬರುವುದು ಅಪರೂಪ. ಕೆಳದವಡೆಗೆ ಮಾತ್ರ ಕುತ್ತಿಗೆಯ ಹಿಂಭಾಗದ ಸರಪಳಿ ನೆರಳು ಬೀಳಿಸಬಹುದಾದ್ದರಿಂದ ಅದನ್ನು ಆದಷ್ಟು ಕೆಳಕ್ಕೆ ಜಾರಿಸಿಕೊಳ್ಳಬೇಕಾಗುತ್ತದೆ. ಗಟ್ಟಿಯಾಗಿ ಕೂರಿಸಿದ ಕ್ಯಾಪ್, ಹಳೆಯ ಇಂಪ್ಲಾಂಟ್‌ಗಳನ್ನು ತೆಗೆಯುವಂತಿಲ್ಲ; ಅವುಗಳ ಪಕ್ಕದಲ್ಲಿ ಚಿತ್ರ ಮಸುಕಾಗುವುದನ್ನು ವರದಿಯಲ್ಲಿ ನಮೂದಿಸಬೇಕು.

ಐದನೆಯ ಹೆಜ್ಜೆ: ಯಂತ್ರದ ಮುಂದೆ

ಇಲ್ಲಿ ರೋಗಿಯ ಪಾತ್ರ ಒಂದೇ: ಅಲುಗಾಡದಿರುವುದು. ಯಂತ್ರ ಸುತ್ತುವ ಸಮಯ ಮಾದರಿಗೆ ತಕ್ಕಂತೆ 10ರಿಂದ 40 ಸೆಕೆಂಡ್. ಅಷ್ಟರಲ್ಲಿ ಅರ್ಧ ಮಿಲಿಮೀಟರ್ ತಲೆ ಕದಲಿದರೂ ಮೂಳೆಯ ಅಂಚು ಎರಡೆರಡಾಗಿ ಕಾಣುತ್ತದೆ. ಗದ್ದವನ್ನು ಆಸರೆಯ ಮೇಲಿಟ್ಟು, ಕೊಟ್ಟ ಪ್ಲಾಸ್ಟಿಕ್ ತುಂಡನ್ನು ಮುಂದಿನ ಹಲ್ಲುಗಳಿಂದ ಕಚ್ಚಿ, ಹಿಡಿಗಳನ್ನು ಹಿಡಿದುಕೊಂಡ ಮೇಲೆ ಒಮ್ಮೆ ಉಗುಳು ನುಂಗಿಬಿಡಿ. ಯಂತ್ರ ಶುರುವಾದ ಮೇಲೆ ನುಂಗಬೇಡಿ. ಕಣ್ಣು ಮುಚ್ಚಿಕೊಂಡಿರುವುದು ಒಳ್ಳೆಯದು. ತೆರೆದಿದ್ದರೆ ಸುತ್ತುವ ತೋಳನ್ನು ಕಣ್ಣು ಹಿಂಬಾಲಿಸುತ್ತದೆ, ಕಣ್ಣಿನ ಹಿಂದೆ ತಲೆಯೂ ಸ್ವಲ್ಪ ಹೊರಳುತ್ತದೆ. ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಚಿಕ್ಕ ಮಕ್ಕಳಿಗೆ ಕಿರಣ ಬಿಡದೆ ಯಂತ್ರವನ್ನು ಒಂದು ಸಲ ಬರಿದೇ ಸುತ್ತಿಸಿ ತೋರಿಸುವಂತೆ ಕೇಳಿಕೊಳ್ಳಬಹುದು. ಕೈ ಅಥವಾ ತಲೆ ನಡುಗುವ ಕಾಯಿಲೆಯಿದ್ದವರು, ನಿಂತರೆ ತಲೆ ಸುತ್ತುವವರು ಮುಂಚಿತವಾಗಿ ಹೇಳಿದರೆ ಕೂರಿಸಿ, ಕಡಿಮೆ ಸಮಯದ ಸುತ್ತನ್ನು ಆಯ್ದುಕೊಳ್ಳುತ್ತಾರೆ.

ಇಂಪ್ಲಾಂಟ್‌ಗಾಗಿ ಮಾಡಿಸುವ ಸ್ಕ್ಯಾನ್‌ನಲ್ಲಿ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದನ್ನೊಂದು ಮುಟ್ಟದಂತೆ ನಡುವೆ ಏನನ್ನಾದರೂ ಇಟ್ಟಿರಬೇಕು. ಕೆನ್ನೆಗೂ ವಸಡಿಗೂ ನಡುವೆ ಹತ್ತಿಯ ಸುರುಳಿ ಇಟ್ಟರೆ ವಸಡಿನ ದಪ್ಪವೂ ಬೇರೆಯಾಗಿ ಕಾಣುತ್ತದೆ. ಈ ಚಿಕ್ಕ ಕೆಲಸವನ್ನು ಮರೆತರೆ ಆಮೇಲೆ ಬೆಳಕಿನ ಸ್ಕ್ಯಾನ್‌ನೊಂದಿಗೆ ಜೋಡಿಸುವಾಗ ತೊಂದರೆಯಾಗುತ್ತದೆ.

ಆರನೆಯ ಹೆಜ್ಜೆ: ವರದಿ ಮತ್ತು ಡೇಟಾ ಎರಡನ್ನೂ ಪಡೆಯಿರಿ

ಸ್ಕ್ಯಾನ್ ಮುಗಿದ ಮೇಲೆ ಬಣ್ಣಬಣ್ಣದ ತಲೆಬುರುಡೆಯ ಚಿತ್ರವೊಂದನ್ನು ಕೊಟ್ಟರೆ ತೃಪ್ತರಾಗಬೇಡಿ. ಆ ಚಿತ್ರ ನೋಡಲು ಚೆನ್ನ, ನಿರ್ಧಾರಕ್ಕೆ ಬಹುತೇಕ ನಿರುಪಯೋಗಿ. ಬೇಕಾದದ್ದು ಸಹಿಯಿರುವ ಲಿಖಿತ ವರದಿ. ಓರಲ್ ಮೆಡಿಸಿನ್ ಮತ್ತು ರೇಡಿಯಾಲಜಿ ಎಂಬುದು ನಮ್ಮಲ್ಲಿ ಎಂ.ಡಿ.ಎಸ್. ಪದವಿಯ ಒಂದು ಪ್ರತ್ಯೇಕ ವಿಭಾಗ. ಅದರಲ್ಲಿ ತರಬೇತಾದವರು ಕೇವಲ ಕೇಳಿದ ಹಲ್ಲನ್ನಲ್ಲ, ಚಿತ್ರದಲ್ಲಿ ಬಂದಿರುವ ಇಡೀ ಭಾಗವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓದಬೇಕು. ಇಂಪ್ಲಾಂಟ್‌ಗೆಂದು ತೆಗೆದ ಸ್ಕ್ಯಾನ್‌ನ ಮೂಲೆಯಲ್ಲಿ ಯಾರೂ ನಿರೀಕ್ಷಿಸದ ಗುಳ್ಳೆಯೊಂದು ಕಾಣಿಸಿಕೊಳ್ಳುವುದು ಅಸಾಧ್ಯವೇನಲ್ಲ. ನಿಮ್ಮ ವೈದ್ಯರು ಕೇಳಿದ ಪ್ರಶ್ನೆಗೆ ವರದಿಯಲ್ಲಿ ನೇರ ಉತ್ತರವಿದೆಯೇ ಎಂದು ಓದಿ ನೋಡಿ. ಇಲ್ಲದಿದ್ದರೆ ಕೇಂದ್ರಕ್ಕೆ ಹೇಳಿ ಸೇರಿಸಿಕೊಡಲು ಕೇಳಿ.

ಮೂಳೆಯ ಗಟ್ಟಿತನವನ್ನು ಹೌನ್ಸ್‌ಫೀಲ್ಡ್ ಯೂನಿಟ್ ಎಂಬ ಅಂಕಿಯಲ್ಲಿ ಬರೆದುಕೊಡುವ ವರದಿಗಳಿವೆ. ಆಸ್ಪತ್ರೆಯ ಸಿ.ಟಿ.ಯಲ್ಲಿ ಆ ಅಳತೆಗೆ ನಿಶ್ಚಿತ ಅರ್ಥವಿದೆ. ಸಿಬಿಸಿಟಿಯಲ್ಲಿ ಚೆದುರಿದ ಕಿರಣಗಳಿಂದಾಗಿ ಬೂದು ಬಣ್ಣದ ಮೌಲ್ಯಗಳು ಯಂತ್ರದಿಂದ ಯಂತ್ರಕ್ಕೆ, ಒಂದೇ ಚಿತ್ರದಲ್ಲಿ ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ ಆ ಅಂಕಿಯ ಮೇಲೆ ಭಾರ ಹಾಕಬಾರದು. ಉದ್ದ, ಅಗಲ, ನರನಾಳದಿಂದ ಇರುವ ದೂರ ಇವು ನಂಬಬಹುದಾದ ಅಳತೆಗಳು.

ವರದಿಯಷ್ಟೇ ಮುಖ್ಯವಾದದ್ದು ಡೈಕಾಮ್ ಎಂಬ, ವೈದ್ಯಕೀಯ ಚಿತ್ರಗಳಿಗೆಂದೇ ಇರುವ ಕಡತದ ರೂಪದಲ್ಲಿರುವ ಮೂಲ ಡೇಟಾ. ಫಿಲಂ ಮೇಲೆ ಮುದ್ರಿಸಿದ ಚಿತ್ರಗಳು ಯಾರೋ ಆರಿಸಿದ ಕೆಲವು ಸೀಳುನೋಟಗಳು ಮಾತ್ರ. ಡೈಕಾಮ್ ಇದ್ದರೆ ಯಾವ ವೈದ್ಯರೂ ತಮಗೆ ಬೇಕಾದ ಕೋನದಿಂದ ಮತ್ತೆ ನೋಡಬಹುದು. ಸಿ.ಡಿ. ಕೊಟ್ಟರೆ ಮನೆಗೆ ಬಂದ ಕೂಡಲೇ ಅದರ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲೋ ಕಂಪ್ಯೂಟರಿನಲ್ಲೋ ಇಟ್ಟುಕೊಳ್ಳಿ, ಏಕೆಂದರೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ. ಎರಡನೆಯ ಅಭಿಪ್ರಾಯ ಬೇಕೆನಿಸಿದಾಗ, ಧಾರವಾಡದಲ್ಲಿ ಮಾಡಿಸಿದ ಸ್ಕ್ಯಾನನ್ನು ಬೆಂಗಳೂರಿನ ವೈದ್ಯರು ನೋಡಬೇಕಾದಾಗ ಇದೇ ಡೇಟಾ ಎರಡನೆಯ ಸ್ಕ್ಯಾನನ್ನು ತಪ್ಪಿಸುತ್ತದೆ. ರಜೆಯಲ್ಲಿ ಊರಿಗೆ ಬಂದು ಇಂಪ್ಲಾಂಟ್ ಹಾಕಿಸಿಕೊಂಡು ವಿದೇಶಕ್ಕೆ ಮರಳುವ ಕನ್ನಡಿಗರು ಡೈಕಾಮ್ ಪ್ರತಿಯ ಜೊತೆಗೆ ಇಂಪ್ಲಾಂಟ್‌ನ ಕಂಪನಿ, ಉದ್ದ, ವ್ಯಾಸ ಬರೆದಿರುವ ಸ್ಟಿಕ್ಕರನ್ನೂ ಕೇಳಿ ಪಡೆಯಬೇಕು. ಫಿಲಂನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅಲ್ಲಿನ ವೈದ್ಯರಿಗೆ ಅದರಿಂದ ಏನೂ ಆಗುವುದಿಲ್ಲ.

ಏಳನೆಯ ಹೆಜ್ಜೆ: ಬೆಳಕಿನ ಸ್ಕ್ಯಾನ್ ಮಾಡಿಸುವಾಗ

ಬಾಯೊಳಗಿನ ಚಿತ್ರದಿಂದ ನೇರವಾಗಿ ಹಲ್ಲಿನ ತುಂಬುವಿಕೆಯನ್ನು ಕೆತ್ತುವ ವ್ಯವಸ್ಥೆಯನ್ನು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ವರ್ನರ್ ಮೋರ್ಮನ್ ಮತ್ತು ಮಾರ್ಕೊ ಬ್ರಾಂಡೆಸ್ಟಿನಿ ರೂಪಿಸಿದರು; 1985ರಲ್ಲಿ ಮೊದಲ ರೋಗಿಗೆ ಅದರಿಂದ ಚಿಕಿತ್ಸೆಯಾಯಿತು. ಆಗ ಹಲ್ಲಿನ ಮೇಲೆ ಬಿಳಿ ಪುಡಿ ಸಿಂಪಡಿಸಬೇಕಾಗಿತ್ತು. ಈಗಿನ ಹೆಚ್ಚಿನ ಸ್ಕ್ಯಾನರ್‌ಗಳಿಗೆ ಪುಡಿ ಬೇಡ. ಪೇಸ್ಟ್ ತುಂಬಿದ ತಟ್ಟೆಯನ್ನು ಬಾಯಿಗಿಟ್ಟು ಅಚ್ಚು ತೆಗೆಯುವಾಗ ವಾಕರಿಕೆ ಬರುವವರಿಗೆ ಇದು ನಿಜವಾದ ಬಿಡುಗಡೆ.

ಸ್ಕ್ಯಾನರ್ ಕಂಡದ್ದನ್ನಷ್ಟೇ ದಾಖಲಿಸಬಲ್ಲದು. ಉಗುಳು ಹೊಳೆಯುತ್ತಿದ್ದರೆ ಆ ಹೊಳಪೇ ತಪ್ಪು ಮೇಲ್ಮೈಯಾಗಿ ದಾಖಲಾಗುತ್ತದೆ. ಕ್ಯಾಪ್‌ಗೆಂದು ಅರೆದ ಹಲ್ಲಿನ ಅಂಚು ವಸಡಿನ ಕೆಳಗಿದ್ದರೆ, ದಾರವಿಟ್ಟು ವಸಡನ್ನು ಸರಿಸದೆ ಅದು ಕಾಣುವುದಿಲ್ಲ. ಆದ್ದರಿಂದ ಗಾಳಿ ಊದಿ ಒಣಗಿಸುವುದು, ದಾರ ತುರುಕುವುದು ನಡೆದರೆ ತಾಳ್ಮೆಯಿಂದಿರಿ. ಅದು ಅಚ್ಚುಕಟ್ಟಾದ ಕೆಲಸದ ಲಕ್ಷಣ. ಸಾಮಾನ್ಯವಾಗಿ ಮೊದಲು ಅಗಿಯುವ ಮೇಲ್ಮೈ, ಬಳಿಕ ಒಂದು ಬದಿ, ಬಳಿಕ ಇನ್ನೊಂದು ಬದಿ ಎಂದು ಕ್ರಮವಾಗಿ ಸಾಗಿ, ಕೊನೆಗೆ ಹಲ್ಲು ಕಚ್ಚಿಸಿ ಎರಡು ದವಡೆಗಳ ಹೊಂದಾಣಿಕೆಯನ್ನು ತೆಗೆಯುತ್ತಾರೆ. ಆಗ ನೀವು ದಿನವೂ ಊಟ ಮಾಡುವಾಗ ಕಚ್ಚುವ ಹಾಗೆಯೇ ಹಿಂದಿನ ಹಲ್ಲುಗಳಿಂದ ಕಚ್ಚಬೇಕು. ಗದ್ದ ಮುಂದೆ ಚಾಚಿದರೆ ಕ್ಯಾಪ್ ಎತ್ತರ ತಪ್ಪುತ್ತದೆ. ಪರದೆ ನಿಮಗೂ ಕಾಣುವಂತಿದ್ದರೆ ಚಿತ್ರದಲ್ಲಿ ತೂತುಗಳು ಉಳಿದಿಲ್ಲವೇ ಎಂದು ನೋಡಿ.

ಒಂದು ಹಲ್ಲು, ನಾಲ್ಕು ಹಲ್ಲುಗಳಷ್ಟು ಜಾಗಕ್ಕೆ ಈ ವಿಧಾನದ ನಿಖರತೆ ಹಳೆಯ ಅಚ್ಚಿಗೆ ಸಮನಾಗಿದೆ. ಹಲ್ಲೇ ಇಲ್ಲದ ಪೂರ್ತಿ ದವಡೆಯಲ್ಲಿ ಮಾತ್ರ ತೊಡಕಿದೆ: ಸ್ಕ್ಯಾನರ್ ಸಣ್ಣಸಣ್ಣ ಚಿತ್ರಗಳನ್ನು ಒಂದಕ್ಕೊಂದು ಹೊಲಿಯುತ್ತ ಸಾಗುವುದರಿಂದ, ಗುರುತು ಹಿಡಿಯಲು ಏನೂ ಇಲ್ಲದ ನುಣುಪಾದ ವಸಡಿನ ಮೇಲೆ ಚಿಕ್ಕ ತಪ್ಪುಗಳು ಕೂಡುತ್ತ ಹೋಗುತ್ತವೆ. ಅಂಥಲ್ಲಿ ವೈದ್ಯರು ಪೇಸ್ಟಿನ ಅಚ್ಚನ್ನೇ ಬಯಸಿದರೆ ಅವರನ್ನು ಹಿಂದುಳಿದವರೆಂದು ಭಾವಿಸಬೇಡಿ.

ಎಂಟನೆಯ ಹೆಜ್ಜೆ: ಎರಡೂ ಸೇರಿದಾಗ

ಸಿಬಿಸಿಟಿಯಿಂದ ಮೂಳೆ, ಬೆಳಕಿನ ಸ್ಕ್ಯಾನ್‌ನಿಂದ ಹಲ್ಲು ಮತ್ತು ವಸಡು ಸಿಕ್ಕ ಮೇಲೆ ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ, ಇಂಪ್ಲಾಂಟ್ ಎಲ್ಲಿ, ಯಾವ ಓರೆಯಲ್ಲಿ, ಎಷ್ಟು ಆಳಕ್ಕೆ ಇಳಿಯಬೇಕೆಂದು ಯೋಜಿಸಬಹುದು. ಅದಕ್ಕೆ ತಕ್ಕ ರಂಧ್ರವಿರುವ ಸರ್ಜಿಕಲ್ ಗೈಡ್, ಅಂದರೆ ಬಾಯಲ್ಲಿ ಕೂತು ಕೊರೆಯುವ ಸಾಧನಕ್ಕೆ ದಾರಿ ತೋರಿಸುವ ಅಚ್ಚು, ತ್ರೀಡಿ ಪ್ರಿಂಟರಿನಲ್ಲಿ ತಯಾರಾಗುತ್ತದೆ. ಯೋಜನೆಯನ್ನು ಪರದೆಯ ಮೇಲೆ ತೋರಿಸಿ ಎಂದು ಕೇಳಿ. ಕೆಳದವಡೆಯಲ್ಲಿ ಇಂಪ್ಲಾಂಟ್‌ನ ತುದಿಗೂ ನರನಾಳಕ್ಕೂ ನಡುವೆ 2 ಮಿಲಿಮೀಟರ್ ಅಂತರ ಉಳಿದಿದೆಯೇ ಎಂದು ಕೇಳಿ. ಗೈಡ್ ಬಳಸಿದರೂ ಯೋಜಿಸಿದ ಜಾಗಕ್ಕೂ ನಿಜವಾಗಿ ಕುಳಿತ ಜಾಗಕ್ಕೂ ಸರಾಸರಿ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ ಬರುತ್ತದೆಂದು ಅಧ್ಯಯನಗಳು ತೋರಿಸಿವೆ. ಆ 2 ಮಿಲಿಮೀಟರನ್ನು ಕಾಯ್ದಿಟ್ಟಿರುವುದು ಇಂಥ ವ್ಯತ್ಯಾಸಕ್ಕಾಗಿಯೇ. ಶಸ್ತ್ರಕ್ರಿಯೆಗೆ ಮೊದಲು ಗೈಡ್ ಬಾಯಲ್ಲಿ ಅಲುಗದೆ ಕೂರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಸ್ಕ್ಯಾನ್‌ಗೂ ಶಸ್ತ್ರಕ್ರಿಯೆಗೂ ನಡುವೆ ನೀವು ಬೇರೆಡೆ ಫಿಲ್ಲಿಂಗ್ ಅಥವಾ ಕ್ಯಾಪ್ ಮಾಡಿಸಿದ್ದರೆ ಹಲ್ಲಿನ ಆಕಾರ ಬದಲಾಗಿ ಗೈಡ್ ಕೂರದೇ ಹೋಗಬಹುದು. ಅದನ್ನು ತಿಳಿಸಲು ಮರೆಯಬೇಡಿ.

ಇಂಪ್ಲಾಂಟ್ ಇಟ್ಟ ಮೇಲೆ ಎಲ್ಲ ಸರಿಯಿದ್ದರೆ ಅದರ ಸ್ಥಿತಿ ನೋಡಲು ಬಾಯೊಳಗಿನ ಚಿಕ್ಕ ಎಕ್ಸ್‌ರೇ ಸಾಕು, ಮತ್ತೆ ಸಿಬಿಸಿಟಿ ಬೇಡ. ಒಂದು ಸಂದರ್ಭದಲ್ಲಿ ಮಾತ್ರ ತಡಮಾಡದೆ ಬೇಕಾಗುತ್ತದೆ. ಅರಿವಳಿಕೆಯ ಪರಿಣಾಮ ಇಳಿಯುವಷ್ಟು ಹೊತ್ತು ಕಳೆದರೂ ಕೆಳದುಟಿ ಅಥವಾ ಗದ್ದ ಜೋಮು ಹಿಡಿದಂತೆಯೇ ಇದ್ದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಇಂಪ್ಲಾಂಟ್ ನರದ ಮೇಲೆ ಒತ್ತುತ್ತಿದೆಯೇ ಎಂಬುದನ್ನು ಚಿಕ್ಕ ಗಾತ್ರದ ಸಿಬಿಸಿಟಿಯಿಂದ ನೋಡಿ, ಅಗತ್ಯವಿದ್ದರೆ ಅದನ್ನು ಹಿಂದಕ್ಕೆ ಸರಿಸುವ ಅಥವಾ ತೆಗೆಯುವ ನಿರ್ಧಾರವನ್ನು ಮೊದಲ ಒಂದೆರಡು ದಿನಗಳೊಳಗೇ ಮಾಡಿದರೆ ನರ ಚೇತರಿಸಿಕೊಳ್ಳುವ ಸಂಭವ ಹೆಚ್ಚು.